ಮೊಣಕಾಲು ಬದಲಾಯಿತು, ಮಡಚಿಸುವವರು ಯಾರು?

2025ರ ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಶುಭಾಶಯದ ಸಂದೇಶಗಳು ಮೊಬೈಲುಗಳಲ್ಲಿ ಇನ್ನೂ ಹಸಿಯಾಗಿದ್ದಾಗಲೇ, 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಒಂದು ಪತ್ರ ಹೊರಬಿತ್ತು: ಫಿಸಿಯೋಥೆರಪಿಸ್ಟರು ಹೆಸರಿನ ಮುಂದೆ ‘ಡಾ.’ ಎಂದು ಬರೆದುಕೊಳ್ಳುವಂತಿಲ್ಲ. 10ರಂದು ಅದೇ ಕಚೇರಿಯಿಂದ ಇನ್ನೊಂದು ಪತ್ರ: ನಿನ್ನೆಯದನ್ನು ಹಿಂಪಡೆಯಲಾಗಿದೆ, ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಿದೆ.

ಮೂರು ದಿನದ ಈ ಏರಿಳಿತ ಸುದ್ದಿಯಾಯಿತು, ವಾದವಾಯಿತು, ಮುಂದೆ ಕೇರಳ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಆದರೆ ಸಿಂಧನೂರಿನಲ್ಲೋ ಸಿರುಗುಪ್ಪದಲ್ಲೋ ಕುಷ್ಟಗಿಯಲ್ಲೋ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಂಚದ ಮೇಲಿರುವವರಿಗೆ, ಅವರ ಮನೆಯವರಿಗೆ ಉಳಿದದ್ದು ಗೊಂದಲ. ಕಾಲು ಮಡಚಿಸಲು ಬರುವವರು ಡಾಕ್ಟರೋ ಅಲ್ಲವೋ? ಅಲ್ಲವಾದರೆ ಅವರ ಮಾತು ಕೇಳಬೇಕೋ ಬೇಡವೋ? ಅವರಿಗೆ ಕೊಡುವ ದುಡ್ಡು ಆರೋಗ್ಯ ಕಾರ್ಡಿನಲ್ಲಿ ಬರುತ್ತದೋ ಇಲ್ಲವೋ? ಮೊದಲ ಪ್ರಶ್ನೆಯ ಸದ್ದಿನಲ್ಲಿ ಕೊನೆಯ ಪ್ರಶ್ನೆ ಮುಳುಗಿಹೋಯಿತು. ಈ ಊರುಗಳಿರುವ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಮಟ್ಟಿಗೆ ಆ ಕೊನೆಯ ಪ್ರಶ್ನೆಯೇ ದೊಡ್ಡದು.

ಪತ್ರದಲ್ಲಿ ಏನಿತ್ತು

ಪತ್ರದ ಹಿಂದೆ ಇದ್ದದ್ದು ಪಿಎಂಆರ್ ವೈದ್ಯರ ಸಂಘದ ಆಕ್ಷೇಪ. ಪಿಎಂಆರ್ ಎಂದರೆ ಎಂಬಿಬಿಎಸ್ ಮುಗಿಸಿ, ದೈಹಿಕ ಪುನಶ್ಚೇತನದಲ್ಲೇ ಸ್ನಾತಕೋತ್ತರ ಪದವಿ ಮಾಡಿದ ತಜ್ಞರು. ಫಿಸಿಯೋಥೆರಪಿಸ್ಟರ ಶಿಕ್ಷಣ ರೋಗ ಪತ್ತೆ ಮಾಡುವುದಕ್ಕೆ ರೂಪಿಸಿದ್ದಲ್ಲ, ‘ಡಾ.’ ಎಂಬ ಎರಡಕ್ಷರ ರೋಗಿಯನ್ನು ದಾರಿ ತಪ್ಪಿಸುತ್ತದೆ ಎಂಬುದು ಅವರ ವಾದ. ಪತ್ರವು 1916ರ ವೈದ್ಯಕೀಯ ಪದವಿಗಳ ಕಾಯ್ದೆಯನ್ನೂ ಹಿಂದಿನ ಕೆಲವು ಕೋರ್ಟ್ ಆದೇಶಗಳನ್ನೂ ಉಲ್ಲೇಖಿಸಿತ್ತು.

ಎದುರು ವಾದಕ್ಕೂ ಕಾಗದದ ಬಲ ಇತ್ತು. 2021ರ ಮಾರ್ಚ್‌ನಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಅಲ್ಲಿಯವರೆಗೆ ಫಿಸಿಯೋಥೆರಪಿಗೆ ದೇಶಮಟ್ಟದಲ್ಲಿ ಹೇಳಿಕೊಳ್ಳುವಂಥ ಕಾನೂನಿನ ಆಸರೆ ಇರಲಿಲ್ಲ. ಈ ಕಾಯ್ದೆಯ ಪ್ರಕಾರ ‘ಆರೋಗ್ಯ ವೃತ್ತಿಪರ’ ಅನ್ನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು. ಫಿಸಿಯೋಥೆರಪಿ ಆ ಗುಂಪಿಗೆ ಸೇರುತ್ತದೆ. ಆಯೋಗ 2025ರಲ್ಲಿ ಹೊರಡಿಸಿದ ಹೊಸ ಪಠ್ಯಕ್ರಮದಲ್ಲಿ ಹೆಸರಿನ ಮುಂದೆ ‘ಡಾ.’, ಕೊನೆಗೆ ‘ಪಿಟಿ’ ಎಂದು ಬರೆದುಕೊಳ್ಳಬಹುದು ಎಂದಿತ್ತು. ಅಂದರೆ ಒಂದೇ ಸಚಿವಾಲಯದ ನೆರಳಿನ ಎರಡು ಸಂಸ್ಥೆಗಳು ಒಂದೇ ವರ್ಷದಲ್ಲಿ ಒಂದಕ್ಕೊಂದು ಎದುರು ಮಾತಾಡಿದವು. ಜನ ಗೊಂದಲಗೊಂಡದ್ದರಲ್ಲಿ ಜನರ ತಪ್ಪೇನೂ ಇಲ್ಲ.

ಈ ಜಗಳದೊಳಗೆ ರೋಗಿಗೆ ನಿಜವಾಗಿ ಸಂಬಂಧಿಸಿದ ಎಳೆ ಒಂದಿದೆ. ಅದು ಬಿರುದಿನದಲ್ಲ, ದಾರಿಯದು. ರೋಗಿ ವೈದ್ಯರ ಚೀಟಿ ಇಲ್ಲದೆ ನೇರವಾಗಿ ಫಿಸಿಯೋಥೆರಪಿಸ್ಟರ ಬಳಿ ಹೋಗಬಹುದೇ, ಇಲ್ಲವೇ? ಹೋಗಬಹುದು ಎಂದರೆ ತಾಲ್ಲೂಕು ಕೇಂದ್ರದ ಫಿಸಿಯೋಥೆರಪಿಸ್ಟರೇ ರೋಗಿಯ ಮೊದಲ ಬಾಗಿಲು. ಹೋಗಬಾರದು ಎಂದರೆ ಪ್ರತಿ ಸಲವೂ ಮೊದಲು ಜಿಲ್ಲಾ ಕೇಂದ್ರದ ಎಲುಬಿನ ಡಾಕ್ಟರ ಹೊರರೋಗಿ ಸಾಲಿನಲ್ಲಿ ನಿಲ್ಲಬೇಕು. ಬೆಂಗಳೂರಿನಲ್ಲಿ ಈ ಎರಡರ ನಡುವೆ ಒಂದು ಆಟೋ ಪ್ರಯಾಣದ ವ್ಯತ್ಯಾಸ. ಸಿಂಧನೂರಿನಿಂದ ರಾಯಚೂರಿಗೆ 80 ಕಿಲೋಮೀಟರ್ ಮೇಲೆ.

ಆಪರೇಷನ್ ಹತ್ತಿರ ಬಂದದ್ದು ಹೇಗೆ

ಎರಡು ದಶಕದ ಹಿಂದೆ ಈ ಭಾಗದ ಕೂಲಿ ಕುಟುಂಬಕ್ಕೆ ಮೊಣಕಾಲು ಬದಲಾವಣೆ ಎಂಬುದು ಸಿರಿವಂತರ ಮಾತು. ಅದು ಬದಲಾದದ್ದಕ್ಕೆ ಕಾರಣಗಳಿವೆ.

ಒಂದು, ಬೆಲೆ. 2017ರ ಆಗಸ್ಟ್ 16ರಂದು ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಕೃತಕ ಮೊಣಕಾಲಿನ ಭಾಗಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಸರಾಸರಿ ಬೆಲೆ ಅದುವರೆಗೆ ಒಂದೂವರೆ ಲಕ್ಷ ರೂಪಾಯಿ ದಾಟಿತ್ತು. ಅದು ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಇನ್ನೊಂದು, ಕಾರ್ಡು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಒಂದಾದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಬಂತು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ.

ಜೊತೆಗೆ ಆಸ್ಪತ್ರೆಗಳೂ ಹತ್ತಿರವಾದವು. ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರದು. ರಾಯಚೂರಿನ ರಿಮ್ಸ್ 2007ರಲ್ಲಿ, ಕೊಪ್ಪಳದ ಕಿಮ್ಸ್ 2015ರಲ್ಲಿ ಶುರುವಾದವು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ನಡೆದ ಧರಣಿ ಈ ಭಾಗದ ಹಸಿವು ಎಷ್ಟಿದೆ ಎಂಬುದನ್ನು ಹೇಳುತ್ತದೆ. ಆದರೂ ಮೂರೂ ಜಿಲ್ಲೆಗಳಲ್ಲಿ ಒಂದೊಂದು ಸರ್ಕಾರಿ ಬೋಧನಾ ಆಸ್ಪತ್ರೆ ಇದೆ, ಅಲ್ಲಿ ಎಲುಬಿನ ವಿಭಾಗವಿದೆ ಎಂಬುದು ಸಣ್ಣ ಮಾತಲ್ಲ.

ಅಂತೂ ಆಪರೇಷನ್ ಟೇಬಲ್ ಊರ ಸಮೀಪಕ್ಕೆ ಬಂತು. ಆ ಟೇಬಲ್ಲಿನಿಂದ ಇಳಿದ ಮೇಲಿನ ಮೂರು ತಿಂಗಳು ಮಾತ್ರ ಬರಲಿಲ್ಲ.

ಕೀಲಿನೊಳಗೆ ನಡೆಯುವುದೇನು

ಆ ಮೂರು ತಿಂಗಳಿಗೆ ಅಷ್ಟು ಮಹತ್ವ ಏಕೆ ಎಂಬುದು ತಿಳಿಯದೆ ಉಳಿದ ವಾದ ಅರ್ಥವಾಗುವುದಿಲ್ಲ.

ಸರ್ಜನ್ ಸವೆದ ಎಲುಬಿನ ತುದಿಗಳನ್ನು ಕೊಯ್ದು ಲೋಹದ ಟೋಪಿ ತೊಡಿಸುತ್ತಾರೆ, ನಡುವೆ ಪ್ಲಾಸ್ಟಿಕ್ಕಿನ ಮೆತ್ತೆ ಇಡುತ್ತಾರೆ. ಅಲ್ಲಿಗೆ ಸಿಕ್ಕದ್ದು ಒಂದು ಒಳ್ಳೆಯ ಬಿಜಾಗರಿ. ಬಾಗಿಲು ತೆರೆದು ಮುಚ್ಚುವುದು ಬಿಜಾಗರಿಯಲ್ಲ, ಅದನ್ನು ಎಳೆಯುವ ಕೈ. ಮೊಣಕಾಲಿಗೆ ಆ ಕೈ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಆಪರೇಷನ್ನಿನ ನಂತರ ಕೀಲು ಊದಿಕೊಳ್ಳುತ್ತದೆ. ಊದಿದ ಕೀಲಿನಿಂದ ಹೋಗುವ ಸಂದೇಶ ಆ ಸ್ನಾಯುವನ್ನು ಅದುಮಿಡುತ್ತದೆ. ರೋಗಿ ಎಷ್ಟು ಮನಸ್ಸು ಮಾಡಿದರೂ ತೊಡೆ ಬಿಗಿಯಾಗುವುದಿಲ್ಲ. ಮೊದಲ ತಿಂಗಳಲ್ಲಿ ಅದರ ಬಲ ಅರ್ಧಕ್ಕಿಂತಲೂ ಕೆಳಗೆ ಇಳಿಯುವುದುಂಟು. ನೋವು ಹೋದರೂ ಕಾಲು ‘ಕುಸಿದಂಗ ಆಗತೈತಿ’ ಎಂದು ಎಷ್ಟೋ ಜನ ಹೇಳುವುದು ಇದಕ್ಕೇ. ಕೀಲು ಕೆಟ್ಟಿಲ್ಲ, ಕಾಯುವ ಸ್ನಾಯು ಸೋತಿದೆ.

ಇದರ ಜೊತೆಗೆ ಇನ್ನೊಂದು ಕೆಲಸ ಒಳಗೆ ನಡೆದಿರುತ್ತದೆ. ಗಾಯ ಮಾಯುವಾಗ ದೇಹ ನಾರಿನಂಥ ಅಂಗಾಂಶ ಹೆಣೆಯುತ್ತದೆ. ದಿನವೂ ಮಡಚಿ ಚಾಚುತ್ತಿದ್ದರೆ ಆ ಹೆಣಿಗೆ ಸಡಿಲವಾಗಿ, ಚಲನೆಗೆ ಹೊಂದಿಕೊಂಡು ಬೆಳೆಯುತ್ತದೆ. ಅಲುಗಾಡಿಸದಿದ್ದರೆ ಕೀಲನ್ನೇ ಹೊಲಿದುಬಿಡುತ್ತದೆ. ಹಸಿ ಮಣ್ಣಿನ ಗೋಡೆಯನ್ನು ಕೈಯಲ್ಲಿ ತಿದ್ದಬಹುದು, ಒಣಗಿದ ಮೇಲೆ ಹಾರೆ ಬೇಕು. ಇಲ್ಲಿ ಹಾರೆ ಎಂದರೆ ಅರಿವಳಿಕೆ ಕೊಟ್ಟು ಸರ್ಜನ್ನರೇ ಕಾಲನ್ನು ಒತ್ತಿ ಮಡಚುವ ಪ್ರಕ್ರಿಯೆ. ಅದೂ ಹೆಚ್ಚಾಗಿ ಮೊದಲ 12 ವಾರದೊಳಗೆ ಫಲ ಕೊಡುತ್ತದೆ. ಆಮೇಲೆ ಹೆಣಿಗೆ ಗಟ್ಟಿಯಾಗಿ ಉಪಾಯ ಕಡಿಮೆಯಾಗುತ್ತವೆ.

ಹಾಗಾಗಿಯೇ ಈಗಿನ ಪದ್ಧತಿಯಲ್ಲಿ ಮೊಣಕಾಲು ಬದಲಿಸಿದ ದಿನವೇ ಅಥವಾ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮನೆಯವರಿಗೆ ಇದು ಕ್ರೌರ್ಯದಂತೆ ಕಾಣುತ್ತದೆ. ನಮ್ಮಲ್ಲಿ ಆರೈಕೆ ಎಂದರೆ ಮಲಗಿಸಿ, ಬಾಯಿಗೆ ತುತ್ತಿಟ್ಟು, ‘ಏಳಬ್ಯಾಡವ್ವ, ನಾವಿದ್ದೀವಿ’ ಅನ್ನುವುದು. ಆ ಪ್ರೀತಿಯೇ ಇಲ್ಲಿ ಅಡ್ಡ ಬರುತ್ತದೆ. ಹಾಸಿಗೆಯಲ್ಲಿ ಕಳೆದ ಪ್ರತಿ ವಾರಕ್ಕೆ ಸ್ನಾಯುವಿನ ಬಲ ಸುಮಾರು ಶೇ 10ರಿಂದ 15 ಕರಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮೊಣಕಾಲ ಕೆಳಗೆ ದಿಂಬು ಇಡುವುದು ಇಂಥದೇ ಇನ್ನೊಂದು ಅಕ್ಕರೆಯ ತಪ್ಪು. ಹಿತವಾಗಿರುತ್ತದೆ, ನಿಜ. ಆದರೆ ಕಾಲು ಅರೆಮಡಚಿದ ಸ್ಥಿತಿಯಲ್ಲೇ ಗಟ್ಟಿಯಾಗಿ, ಪೂರ್ತಿ ನೆಟ್ಟಗಾಗುವುದು ತಪ್ಪಿಹೋಗುತ್ತದೆ. ನೆಟ್ಟಗಾಗದ ಕಾಲಿನಲ್ಲಿ ನಡೆದರೆ ಕುಂಟು, ಕುಂಟಿದರೆ ಸೊಂಟನೋವು. ದಿಂಬು ಇಡಲೇಬೇಕಾದರೆ ಹಿಮ್ಮಡಿಯ ಕೆಳಗೆ.

ಸೊಂಟದ ಕೀಲಿನ ಹತ್ತಿರ ತೊಡೆಯೆಲುಬು ಮುರಿದುಕೊಂಡ ವೃದ್ಧರ ವಿಷಯ ಇನ್ನೂ ಕಠಿಣ. ಅಂಗಳದಲ್ಲಿ ಜಾರಿ ಬಿದ್ದ 75ರ ಅಜ್ಜಿಗೆ ಎಷ್ಟು ಬೇಗ ಆಪರೇಷನ್ ಆಗುತ್ತದೆ, ಎಷ್ಟು ಬೇಗ ಎದ್ದು ನಿಲ್ಲುತ್ತಾರೆ ಎಂಬುದರ ಮೇಲೆ ಕಾಲಷ್ಟೇ ಅಲ್ಲ, ಜೀವವೂ ನಿಂತಿರುತ್ತದೆ. ಇಂಥ ಮುರಿತವಾದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂಬುದು ಜಗತ್ತಿನಾದ್ಯಂತ ಕಂಡ ಲೆಕ್ಕ. ಬಹಳಷ್ಟು ಸಲ ಕೊಲ್ಲುವುದು ಮುರಿದ ಎಲುಬಲ್ಲ, ಮಲಗಿದ್ದರಿಂದ ಬಂದ ನ್ಯುಮೋನಿಯಾ, ಬೆನ್ನುಹುಣ್ಣು, ಹೆಪ್ಪುಗಟ್ಟಿದ ರಕ್ತ.

ಬೈಕಿನಿಂದ ಬಿದ್ದ ಹುಡುಗರ ಕಥೆ ಬೇರೆ ತೆರ. ‘ರಾಡ್ ಹಾಕ್ಯಾರ, ಆರು ತಿಂಗಳು ಕಾಲು ಊರಬಾರದಂತ’ ಎಂಬ ಮಾತು ಹಳ್ಳಿಗಳಲ್ಲಿ ಶಾಸನದ ಹಾಗೆ ಓಡಾಡುತ್ತದೆ. ಎಲುಬಿನ ಟೊಳ್ಳಿನೊಳಗೆ ರಾಡ್ ಕೂರಿಸಿದ್ದರೆ ಎಷ್ಟೋ ಮುರಿತಗಳಲ್ಲಿ ಬೇಗ ಭಾರ ಹಾಕಬಹುದು, ಆ ಭಾರವೇ ಎಲುಬು ಕೂಡಲು ಪ್ರಚೋದನೆ. ಪಕ್ಕಕ್ಕೆ ಪ್ಲೇಟ್ ಹಾಕಿದ್ದರೆ, ಎಲುಬು ಪುಡಿಯಾಗಿದ್ದರೆ, ಮುರಿತ ಕೀಲಿನೊಳಗೇ ಇದ್ದರೆ ಕಾಯಬೇಕು. ಯಾವುದು ಯಾವಾಗ ಎಂದು ಹೇಳಬೇಕಾದವರು ಆಪರೇಷನ್ ಮಾಡಿದ ಸರ್ಜನ್ನರೇ. ಅವರು ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮೂರಕ್ಷರ ಗೀಚಿರುತ್ತಾರೆ. ಅದನ್ನು ಕನ್ನಡಕ್ಕಿಳಿಸಿ ಮನೆಯವರಿಗೆ ಹೇಳುವ ಕೆಲಸ ಯಾರದೂ ಅಲ್ಲದ್ದರಿಂದ ಪಕ್ಕದ ಮನೆಯವರ ಅನುಭವವೇ ಆದೇಶವಾಗುತ್ತದೆ.

ಡಿಗ್ರಿಯಲ್ಲಿ ಅಳೆದ ಒಂದು ದಿನ

ಕಾಲು ಎಷ್ಟು ಮಡಚಿದರೆ ಸಾಕು? ಉತ್ತರ ನೀವು ಎಲ್ಲಿ ಬದುಕುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 65 ಡಿಗ್ರಿ ಮಡಚಿದರೆ ಆಯಿತು. ಮೆಟ್ಟಿಲು ಹತ್ತಿ ಇಳಿಯಲು 85ರಿಂದ 100. ಕುರ್ಚಿಯಿಂದ ಕೈ ಆಸರೆಯಿಲ್ಲದೆ ಏಳಲು ಹೆಚ್ಚುಕಡಿಮೆ ಅಷ್ಟೇ. ಫಿಸಿಯೋಥೆರಪಿಸ್ಟರು ಎರಡು ವಾರದೊಳಗೆ 90 ಡಿಗ್ರಿಗಾಗಿ ಜೀವ ಹಿಂಡುವುದು ಈ ಲೆಕ್ಕದಿಂದಲೇ. ಆಮೇಲಿನ ವಾರಗಳಲ್ಲಿ 110, 120ಕ್ಕೆ ತಲುಪಿದರೆ ಫಲಿತಾಂಶ ಚೆನ್ನಾಗಿದೆ ಎನ್ನುತ್ತಾರೆ.

ಕುಕ್ಕರಗಾಲಿನಲ್ಲಿ ಕೂರಲು ಬೇಕಾದದ್ದು 130ಕ್ಕೂ ಮೇಲೆ. ಬದಲಿಸಿದ ಮೊಣಕಾಲು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ, ಹೋಗಬಾರದು ಎಂದೇ ಹೆಚ್ಚಿನ ಸರ್ಜನ್ನರ ಸಲಹೆ. ಈಗ ಮಾನ್ವಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳ ದಿನವನ್ನು ಊಹಿಸಿಕೊಳ್ಳಿ. ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕು. ಸಂಡಾಸು ಇದ್ದರೆ ಅದು ಕುಕ್ಕರಗಾಲಿನದು. ಹೊಲದಲ್ಲಿ ಭತ್ತ ನಾಟಿ ಹಚ್ಚುವಾಗ ಇಡೀ ದಿನ ಸೊಂಟ ಬಗ್ಗಿರಬೇಕು, ಕೆಸರಿನಿಂದ ಕಾಲು ಕಿತ್ತು ಇಡಬೇಕು. ಹತ್ತಿ, ಮೆಣಸಿನಕಾಯಿ ಬಿಡಿಸುವುದು ತುಸು ಹಗುರ, ಆದರೆ ಬದುವಿನ ಮೇಲೆ ನಡೆಯಲೇಬೇಕು. ಪಾಶ್ಚಾತ್ಯ ಶೈಲಿಯ ಕಮೋಡು, ಕುರ್ಚಿ, ಕಟ್ಟೆಯ ಮೇಲಿನ ಒಲೆ ಇರುವ ಮನೆಗೆ ಬರೆದ ವ್ಯಾಯಾಮದ ಪಟ್ಟಿ ಈ ಮನೆಗೆ ಅರ್ಧ ಮಾತ್ರ ಹೊಂದುತ್ತದೆ. ಸಂಡಾಸಿನ ಗುಂಡಿಯ ಮೇಲೆ ಇಡುವ ಕುರ್ಚಿ, ರೊಟ್ಟಿ ಬಡಿಯಲು ಎತ್ತರದ ಮಣೆ, ಒಲೆಯನ್ನು ಮೇಲಕ್ಕೆತ್ತುವುದು: ಇವೂ ಪುನಶ್ಚೇತನವೇ. ಇವನ್ನು ಯೋಚಿಸಬೇಕಾದವರು ಮನೆಯನ್ನು ಕಂಡವರು.

ಬಸ್ಸಿನ ಮಾತು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗುವವರಿಗೆ ಇದು ದೊಡ್ಡ ಆಸರೆ. ಆದರೆ ಆ ಬಸ್ಸಿನ ಮೊದಲ ಮೆಟ್ಟಿಲು ಹೊಸ ಮೊಣಕಾಲಿಗೆ ಎಲ್ಲ ವ್ಯಾಯಾಮಕ್ಕಿಂತ ದೊಡ್ಡ ಪರೀಕ್ಷೆ. ನಡೆಯುವುದನ್ನು ಕಲಿಯಲು ಹೋಗಬೇಕಾದವರು ಮೊದಲು ಹತ್ತುವುದನ್ನು ಕಲಿತಿರಬೇಕು!

ಈ ಸೀಮೆಯ ಇನ್ನೊಂದು ವಿಶೇಷವೂ ಇದೆ: ನೀರು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರಲ್ಲಿ ಕೀಲಿನ ಸುತ್ತಲಿನ ಬಂಧಗಳೇ ಸುಣ್ಣಗಟ್ಟಿ ಗಡುಸಾಗುತ್ತವೆ, ಬೆನ್ನುಹುರಿಯ ದಾರಿ ಕಿರಿದಾಗುತ್ತದೆ. ಇಂಥವರ ಮೊಣಕಾಲ ನೋವಿಗೆ ಮೊಣಕಾಲೊಂದೇ ಕಾರಣವಾಗಿರುವುದಿಲ್ಲ. ಕೀಲು ಬದಲಿಸಿದರೂ ಸೊಂಟ, ಬೆನ್ನು ಬಗ್ಗದಿದ್ದರೆ ನಡಿಗೆ ಸುಧಾರಿಸುವುದು ನಿಧಾನ. ಅಂಥ ರೋಗಿಗೆ ವ್ಯಾಯಾಮದ ಅವಧಿ ಉದ್ದವಾಗಬೇಕೇ ಹೊರತು ಗಿಡ್ಡವಾಗಬಾರದು.

ಹದಿನೈದು ದಿನಕ್ಕೆ ಮುಗಿಯುವ ಲೆಕ್ಕ

ಈಗ ದುಡ್ಡಿನ ವಿಷಯ. ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆಗೆ ಕೊಡುವುದು ಪ್ಯಾಕೇಜ್ ಹಣ. ಕೀಲು, ಆಪರೇಷನ್, ಹಾಸಿಗೆ, ಊಟ, ಔಷಧಿ ಎಲ್ಲ ಸೇರಿ ಒಂದು ಮೊತ್ತ. ದಾಖಲಾಗುವ ಮೂರು ದಿನ ಮುಂಚಿನ ಮತ್ತು ಬಿಡುಗಡೆಯಾದ ಹದಿನೈದು ದಿನದವರೆಗಿನ ಖರ್ಚು ಅದರೊಳಗೇ.

ಇದರಿಂದ ಏನಾಗುತ್ತದೆ? ಮೊತ್ತ ಮೊದಲೇ ನಿಗದಿಯಾಗಿರುವುದರಿಂದ ರೋಗಿ ಹಾಸಿಗೆಯಲ್ಲಿ ಉಳಿದ ಪ್ರತಿ ದಿನ ಆಸ್ಪತ್ರೆಗೆ ಖರ್ಚು, ವರಮಾನವಲ್ಲ. ಹೀಗಾಗಿ ಬೇಗ ಮನೆಗೆ ಕಳಿಸುವ ಒತ್ತಡ ಸಹಜ. ಬೇಗ ಮನೆಗೆ ಹೋಗುವುದು ಕೆಟ್ಟದ್ದೇನಲ್ಲ, ಸೋಂಕಿನ ದೃಷ್ಟಿಯಿಂದ ಒಳ್ಳೆಯದೇ. ಮನೆಯಲ್ಲಿ ಮುಂದಿನ ಹತ್ತು ವಾರ ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ. ಇಲ್ಲದ ಕಡೆ ಅದೇ ಕ್ರಮ ರೋಗಿಯನ್ನು ಹೊಳೆಯ ನಡುವೆ ಇಳಿಸಿದಂತೆ. ಹದಿನೈದನೇ ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಲೆಕ್ಕವೂ ಮುಗಿಯುತ್ತದೆ. ಮೊಣಕಾಲು ಆಗ 70, 80 ಡಿಗ್ರಿಯ ಆಸುಪಾಸಿನಲ್ಲಿ ಹೆಣಗುತ್ತಿರಬಹುದು, ತೊಡೆಯ ಸ್ನಾಯು ತನ್ನ ಅತ್ಯಂತ ಸೋತ ದಿನಗಳಲ್ಲಿರುತ್ತದೆ.

ಅಲ್ಲಿಂದಾಚೆಗೆ ಮನೆಗೆ ಬಂದು ವ್ಯಾಯಾಮ ಮಾಡಿಸುವವರಿಗೆ ಜೇಬಿನಿಂದ ಕೊಡಬೇಕು. ಕೂಲಿ ಮನೆಯಲ್ಲಿ ಇದಕ್ಕೆ ಎರಡು ಪಟ್ಟು ಬೆಲೆ: ಕೊಟ್ಟ ಹಣ, ಜೊತೆಗೆ ಕರೆದೊಯ್ಯಲು ಕೆಲಸ ಬಿಟ್ಟವರ ಕೂಲಿ. ನಾಲ್ಕಾರು ಸಲ ಹೋಗಿ, ‘ಇನ್ನ ಆರಾಮಾಗತೈತಿ ಬಿಡು’ ಎಂದು ನಿಲ್ಲಿಸುತ್ತಾರೆ. ಇದನ್ನು ನಿರ್ಲಕ್ಷ್ಯ ಎಂದು ಕರೆಯುವುದು ಅನ್ಯಾಯ. ಖಾಸಗಿ ವಿಮೆ ಇದ್ದವರಿಗೆ ಸಾಮಾನ್ಯವಾಗಿ 60 ಅಥವಾ 90 ದಿನದವರೆಗಿನ ನಂತರದ ಖರ್ಚು ಸಿಗುತ್ತದೆ. ಎಲುಬು ಕೂಡುವ ವೇಗ ಮಾತ್ರ ಕಾರ್ಡು ನೋಡಿ ಬದಲಾಗುವುದಿಲ್ಲ.

ಇನ್ನು ಸರ್ಕಾರದ ದೃಷ್ಟಿಯಿಂದಲೇ ನೋಡಿದರೂ ಇದು ದಡ್ಡ ಉಳಿತಾಯ. ಗಡುಸಾದ ಕಾಲಿಗೆ ಮತ್ತೆ ಅರಿವಳಿಕೆ, ಮತ್ತೆ ದಾಖಲು, ಕೆಲವೊಮ್ಮೆ ಮತ್ತೊಂದು ಆಪರೇಷನ್. ಆ ಎರಡನೇ ಪ್ಯಾಕೇಜಿಗೆ ಹಣ ಉಂಟು, ಅದು ಬೇಡವಾಗುವಂತೆ ಮಾಡುವ ಹತ್ತು ವಾರಕ್ಕೆ ಇಲ್ಲ.

ಫಿಸಿಯೋಥೆರಪಿಸ್ಟರೇ ಬೇಕೆ?

ಇಲ್ಲೊಂದು ಪ್ರಾಮಾಣಿಕ ಭಿನ್ನಾಭಿಪ್ರಾಯ ಇದೆ, ಅದು ಬಿರುದಿನ ಜಗಳಕ್ಕಿಂತ ಹೆಚ್ಚು ಗಮನಕ್ಕೆ ಅರ್ಹ. ಹಲವು ಸರ್ಜನ್ನರ ಮಾತು: ಐದಾರು ವ್ಯಾಯಾಮವನ್ನು ಸರಿಯಾಗಿ ಹೇಳಿಕೊಟ್ಟರೆ ಸಾಕು, ರೋಗಿ ಮನೆಯಲ್ಲೇ ಮಾಡಿಕೊಳ್ಳಬಹುದು, ದಿನವೂ ಯಂತ್ರ ಹಚ್ಚಿ ದುಡ್ಡು ಎಣಿಸುವ ಕೇಂದ್ರಗಳ ಅಗತ್ಯ ಇಲ್ಲ. ಇದಕ್ಕೆ ಆಧಾರ ಇಲ್ಲದೆ ಇಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಮೊಣಕಾಲು ಬದಲಿಸಿಕೊಂಡ 165 ಜನರನ್ನು ನೋಡಿತು. ಹತ್ತು ದಿನ ಪುನಶ್ಚೇತನ ಆಸ್ಪತ್ರೆಯಲ್ಲಿದ್ದು ಆಮೇಲೆ ಮನೆಯ ಕಾರ್ಯಕ್ರಮ ಪಡೆದವರಿಗೂ, ನೇರವಾಗಿ ಮನೆಯ ಕಾರ್ಯಕ್ರಮವನ್ನಷ್ಟೇ ಪಡೆದವರಿಗೂ ಆರು ತಿಂಗಳ ಹೊತ್ತಿಗೆ ನಡಿಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಿಡಿಯೋ ಕರೆಯ ಮೂಲಕ ಮಾಡಿಸಿದ ವ್ಯಾಯಾಮವೂ ಎದುರಿಗೆ ನಿಂತು ಮಾಡಿಸಿದ್ದಕ್ಕಿಂತ ಕಡಿಮೆಯಲ್ಲ ಎಂದು ಬೇರೆ ಅಧ್ಯಯನಗಳು ಹೇಳಿವೆ.

ಆದರೆ ಇದನ್ನು ಓದುವಾಗ ಒಂದು ಪದದ ಮೇಲೆ ಬೆರಳಿಡಬೇಕು: ‘ಕಾರ್ಯಕ್ರಮ’. ಅಲ್ಲಿನ ರೋಗಿ ಮನೆಯಲ್ಲಿದ್ದರೂ ಯಾರೋ ಒಬ್ಬರು ವ್ಯಾಯಾಮ ರೂಪಿಸಿ, ಆಗಾಗ ನೋಡಿ, ತಿದ್ದುತ್ತಿದ್ದರು. ಇಲ್ಲಿ ‘ಮನೆಯಲ್ಲೇ ಮಾಡಿಕೊಳ್ರಿ’ ಎಂದರೆ ಹಾಳೆಯೊಂದನ್ನು ಕೈಗಿಟ್ಟು ಕಳಿಸುವುದು. ಎರಡೂ ಒಂದೇ ಅಲ್ಲ. ಅಧ್ಯಯನಗಳು ಹೇಳುವುದು ದುಬಾರಿ ಕೇಂದ್ರ ಬೇಡ ಎಂದೇ ಹೊರತು ನೋಡುವ ಕಣ್ಣು ಬೇಡ ಎಂದಲ್ಲ. ಈ ಮಾತು ಬಡ ಜಿಲ್ಲೆಗಳಿಗೆ ವಾಸ್ತವದಲ್ಲಿ ಸಿಹಿಸುದ್ದಿ: ತಾಲ್ಲೂಕಿಗೊಂದು ಯಂತ್ರಾಗಾರ ಕಟ್ಟಬೇಕಿಲ್ಲ, ವಾರಕ್ಕೊಮ್ಮೆ ಮನೆ ಮುಟ್ಟುವ ಒಬ್ಬ ತರಬೇತಾದ ಮನುಷ್ಯ, ನಡುವೆ ಎರಡು ಫೋನ್ ಕರೆ ಸಾಕಾಗಬಹುದು.

ಆ ಕಣ್ಣಿಗೆ ಕಾಣಬೇಕಾದದ್ದು ಡಿಗ್ರಿಯಷ್ಟೇ ಅಲ್ಲ. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದೆಯೇ, ಗಾಯದಿಂದ ಕೀವು ಬರುತ್ತಿದೆಯೇ, ಜ್ವರ ಇದೆಯೇ, ಉಸಿರು ಕಟ್ಟುತ್ತಿದೆಯೇ ಎಂಬುದನ್ನು ಗುರುತಿಸಿ ತಡಮಾಡದೆ ಆಸ್ಪತ್ರೆಗೆ ಕಳಿಸುವುದೂ ಅದರ ಕೆಲಸ. ‘ಡಾ.’ ಬೇಡ ಎನ್ನುವ ವೈದ್ಯರ ಆತಂಕದಲ್ಲಿ ಹುರುಳಿರುವುದು ಇಲ್ಲೇ. ಅಪಾಯವನ್ನು ವ್ಯಾಯಾಮದ ನೋವೆಂದು ತಪ್ಪು ತಿಳಿದರೆ ಅನಾಹುತ. ಆದರೆ ಆ ಆತಂಕಕ್ಕೆ ಮದ್ದು ಎರಡಕ್ಷರ ಅಳಿಸುವುದಲ್ಲ, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬ ದಾರಿ ಹಾಕಿಕೊಡುವುದು. ಕಣ್ಣೇ ಇಲ್ಲದ ಊರಿನಲ್ಲಿ ಕಣ್ಣಿನ ಅರ್ಹತೆಯ ಚರ್ಚೆ ಎಷ್ಟು ನಡೆದರೇನು?

ಖಾಲಿ ಜಾಗ ಖಾಲಿಯಾಗಿ ಇರುವುದಿಲ್ಲ

ಯಾರೂ ಇಲ್ಲದ ಕಡೆ ಎಲುಬು ಕಟ್ಟುವವರು, ಎಣ್ಣೆ ತಿಕ್ಕುವವರು ಇದ್ದಾರೆ. ಅವರನ್ನು ಬೈಯುವುದು ಸುಲಭ. ಅವರು ಊರಲ್ಲೇ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ಮುಟ್ಟಿ ನೋಡುತ್ತಾರೆ, ನಾಳೆ ಬಾ ಅಂದರೆ ನಾಳೆ ಸಿಗುತ್ತಾರೆ. ವ್ಯವಸ್ಥೆ ಕೊಡದ್ದನ್ನೆಲ್ಲ ಅವರು ಕೊಡುತ್ತಾರೆ. ತೊಂದರೆ ಬರುವುದು ತಿಕ್ಕಿನಲ್ಲಿ. ಮೊಣಕೈ ಮುರಿತದ ನಂತರ ಗಡುಸಾದ ಕೈಯನ್ನು ಬಲವಾಗಿ ಎಳೆದು, ತಿಕ್ಕಿದರೆ ಸ್ನಾಯುವಿನೊಳಗೇ ಹೊಸದಾಗಿ ಎಲುಬು ಬೆಳೆಯುವುದುಂಟು. ಆಗ ಕೀಲು ಶಾಶ್ವತವಾಗಿ ಬೀಗ ಹಾಕಿದಂತೆ. ಕೈಗೆ ಪ್ಲಾಸ್ಟರ್ ಹಾಕಿದ ಆರು ವಾರ ಬೆರಳು, ಭುಜ ಆಡಿಸುತ್ತಲೇ ಇರಬೇಕು ಎಂದು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟೋ ಜನ ಆ ಎಣ್ಣೆಯ ಬಾಗಿಲಿಗೆ ಹೋಗಬೇಕಾಗಿಯೇ ಇರುವುದಿಲ್ಲ.

ಹೆಸರು ಪುನರ್ವಸತಿ, ಕೆಲಸ ಅರ್ಜಿ

ಈ ಭಾಗದಲ್ಲಿ ಮನುಷ್ಯರೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ರಾಜ್ಯದ ವಿಕಲಚೇತನರ ಇಲಾಖೆಯಡಿ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಕೈಕಾಲು ಸೋತಾಗ ಮನೆಯೊಳಗಿನ ಬದುಕು ಹೇಗಿರುತ್ತದೆ ಎಂದು ಇವರಿಗೆ ಹೇಳಿಕೊಡಬೇಕಿಲ್ಲ. ಆದರೆ ಇವರ ದಿನ ಕಳೆಯುವುದು ಗುರುತಿನ ಚೀಟಿ, ಮಾಸಾಶನ, ಸಲಕರಣೆಗಳ ಅರ್ಜಿಗಳಲ್ಲಿ. ಆಸ್ಪತ್ರೆ ಇವರನ್ನು ತಿಳಿದಿಲ್ಲ, ಇವರಿಗೆ ಆಸ್ಪತ್ರೆಯಿಂದ ಯಾರು ಬಿಡುಗಡೆಯಾದರೆಂಬ ಮಾಹಿತಿ ಇಲ್ಲ. ಇಲಾಖೆ ಬೇರೆ, ಕಡತ ಬೇರೆ. ಆಪರೇಷನ್ ಆದ ಮೊಣಕಾಲು ಆರೋಗ್ಯ ಇಲಾಖೆಯದು. ಅದು ಮಡಚದೆ ಅಂಗವೈಕಲ್ಯವಾದ ಮೇಲಷ್ಟೇ ಈ ಇಲಾಖೆಯದು.

ಆರೋಗ್ಯ ಇಲಾಖೆಯ ಕಡೆಗೂ ಕಾಗದದಲ್ಲಿ ಜಾಗವಿದೆ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಘಟಕ, ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತ ಇರಬೇಕೆಂದು ಹೇಳುತ್ತದೆ. ಈ ಎರಡು ಎಳೆಗಳನ್ನು ಗಂಟು ಹಾಕಲು ಹೊಸ ಕಟ್ಟಡ ಬೇಡ. ಡಿಸ್ಚಾರ್ಜ್ ಆದ ದಿನ ಪಂಚಾಯಿತಿಯ ಕಾರ್ಯಕರ್ತರಿಗೆ ಒಂದು ಸಂದೇಶ ಹೋಗಬೇಕು, ಅವರಿಗೆ ನಾಲ್ಕು ವ್ಯಾಯಾಮ ಮತ್ತು ನಾಲ್ಕು ಅಪಾಯದ ಗುರುತುಗಳ ತರಬೇತಿ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಕೂತ ಒಬ್ಬ ಫಿಸಿಯೋಥೆರಪಿಸ್ಟ್ ಅವರಿಗೆ ಫೋನಿನಲ್ಲಿ ಸಿಗಬೇಕು. ಗೌರವಧನದ ಮೇಲೆ ಇನ್ನೊಂದು ಹೊರೆ ಹೇರಿ ಕೈತೊಳೆದುಕೊಂಡರೆ ಮಾತ್ರ ಇದು ನಡೆಯದು. ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಆ ಪಾಠ ಈಗಾಗಲೇ ಆಗಿದೆ.

ಮುಂದೆ ಏನಾಗಬಹುದು

ಬಿರುದಿನ ತೀರ್ಮಾನ ಯಾವ ಕಡೆ ವಾಲಿದರೂ ಕೆಲವು ಬದಲಾವಣೆ ಬರುವುದು ಖಚಿತ. 2021ರ ಕಾಯ್ದೆಯಡಿ ನೋಂದಣಿ ಬಿಗಿಯಾದಂತೆ ಆರು ತಿಂಗಳ ಸರ್ಟಿಫಿಕೇಟ್ ಹಿಡಿದು ‘ಫಿಸಿಯೋ ಸೆಂಟರ್’ ಬೋರ್ಡು ಹಾಕಿದವರಿಗೆ ಕಷ್ಟದ ದಿನಗಳು. ರೋಗಿಗೆ ಇದು ಒಳ್ಳೆಯದು. ಆದರೆ ಸಣ್ಣ ಊರುಗಳಲ್ಲಿ ಇದ್ದ ಒಂದೇ ಕೇಂದ್ರವೂ ಮುಚ್ಚಿ, ಅದರ ಜಾಗಕ್ಕೆ ಪದವೀಧರರು ಬಾರದಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಪದವೀಧರರು ಬರುವುದು ಹುದ್ದೆ ಇದ್ದಲ್ಲಿಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಯಂ ಹುದ್ದೆ ಸೃಷ್ಟಿಯಾಗದೆ ಇದ್ದರೆ ರಾಯಚೂರಿನ ಹುಡುಗಿ ಫಿಸಿಯೋಥೆರಪಿ ಓದಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಹುಡುಕುತ್ತಾಳೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಈ ಭಾಗದವರಿಗೆ ಪಾಲು ಕೊಡುವುದು ಇರುವ ಹುದ್ದೆಗಳಲ್ಲಿ, ಇಲ್ಲದ ಹುದ್ದೆಯಲ್ಲಿ ಅಲ್ಲ.

ಪ್ಯಾಕೇಜಿನ ನಿಯಮ ಬದಲಾಗುವುದು ಹೆಚ್ಚು ಪರಿಣಾಮದ ಸಂಗತಿ. ಹದಿನೈದು ದಿನವನ್ನು ತೊಂಬತ್ತಕ್ಕೆ ಏರಿಸಿ, ಕೊನೆಯ ಕಂತನ್ನು ಆರನೇ ವಾರದ ತಪಾಸಣೆಗೆ, ಅಂದರೆ ಕಾಲು ಎಷ್ಟು ಮಡಚುತ್ತದೆ, ರೋಗಿ ನಡೆಯುತ್ತಾರೋ ಇಲ್ಲವೋ ಎಂಬುದಕ್ಕೆ ಗಂಟು ಹಾಕಿದರೆ ಆಸ್ಪತ್ರೆಗಳೇ ಫಿಸಿಯೋಥೆರಪಿಸ್ಟರನ್ನು ಹುಡುಕಿಕೊಂಡು ಹೋಗುತ್ತವೆ. ಇದರಲ್ಲೂ ಒಂದು ಕೊಕ್ಕೆ ಇದೆ: ಫಲಿತಾಂಶಕ್ಕೆ ಹಣ ಎಂದಾಗ ಆಸ್ಪತ್ರೆಗಳು ಕಷ್ಟದ ರೋಗಿಗಳನ್ನು, ಫ್ಲೋರೈಡಿನಿಂದ ಗಡುಸಾದವರನ್ನು, ಒಬ್ಬರೇ ಇರುವ ವೃದ್ಧರನ್ನು ಬೇರೆಡೆಗೆ ಸಾಗಹಾಕಬಹುದು. ಅಂಥವರಿಗೆ ಹೆಚ್ಚುವರಿ ಮೊತ್ತ ಇಡಬೇಕಾಗುತ್ತದೆ.

ಇದಾವುದೂ ಆಗದೆ ಈಗಿನಂತೆಯೇ ಮುಂದುವರಿದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆಪರೇಷನ್ನುಗಳ ಸಂಖ್ಯೆ ಏರುತ್ತದೆ, ಏಕೆಂದರೆ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಹೆದ್ದಾರಿಗಳಲ್ಲಿ ಬೈಕುಗಳೂ ಹೆಚ್ಚುತ್ತಿವೆ. ವರದಿಯಲ್ಲಿ ಆ ಸಂಖ್ಯೆಯೇ ಸಾಧನೆಯಾಗಿ ಕಾಣುತ್ತದೆ, ಏಕೆಂದರೆ ಎಣಿಸುವುದು ಅದನ್ನು ಮಾತ್ರ. ಆರು ತಿಂಗಳ ನಂತರ ಎಷ್ಟು ಜನ ಮತ್ತೆ ನಾಟಿಗೆ ಹೋದರು, ಎಷ್ಟು ಜನ ತಾವೇ ಬಸ್ ಹತ್ತಿದರು ಎಂದು ಕೇಳುವ ಕಾಲಂ ಆ ನಮೂನೆಯಲ್ಲಿ ಇಲ್ಲ. ಊರಿನಲ್ಲಿ ಮಾತ್ರ ಬೇರೆ ಲೆಕ್ಕ ಓಡಾಡುತ್ತದೆ: ‘ಅವರ ಅತ್ತಿಗೆ ಆಪರೇಷನ್ ಮಾಡಿಸಿದ್ರು, ಕಾಲು ಮಡಚಾಕ ಬರಲಿಲ್ಲ’ ಎಂಬ ಒಂದೇ ಒಂದು ಮಾತು ಹತ್ತು ಜನರನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದೆ ತಿರುಗಿಸುತ್ತದೆ. ಅವರ ನೋವಿಗೆ ಆಪರೇಷನ್ನೇ ಸರಿಯಾದ ಉಪಾಯವಾಗಿದ್ದರೂ.